ಸೊಂಟದವರೆಗೆ ಸಮುದ್ರ

ಜನವರಿ 9

ಅಕ್ಕನಿಗೆ ನಮಸ್ಕಾರಗಳು. ಮೊದಲು ಸಂಗತಿಗಳು:

1. ಮಾರ್ಚ್ ಇಪ್ಪತ್ತೈದರಂದು ನಾನು ದ್ವೀಪಕ್ಕೆ ಹೊರಡುತ್ತಿದ್ದೇನೆ. ಒಂದು ವಾರ ಅಲ್ಲಿರುತ್ತೇನೆ. ಒಬ್ಬನೇ.

2. ಮೂರು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ತೆಗೆದರು. ಅಂದಿನಿಂದ ನಾನು ಉಸಿರಾಡುವುದು ಮೂಗು, ಬಾಯಿಗಳಿಂದಲ್ಲ. ಕುತ್ತಿಗೆಯ ಬುಡದಲ್ಲಿರುವ ರಂಧ್ರದಿಂದ. ಇದು ನಿನಗೆ ಗೊತ್ತಿರುವುದೇ. ನೀನು ಮೊದಲು ಎತ್ತುವ ಮಾತು ಇದೇ ಆಗಿರುವುದರಿಂದ ನಾನೇ ಎತ್ತಿದ್ದೇನೆ.

3. ಆ ರಂಧ್ರದೊಳಗೆ ನೀರು ಹೋಗಬಾರದು. ಹೋದರೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದು ನನಗೆ ಗೊತ್ತಿರುವುದೇ.

4. ನನಗೆ ಈಜು ಬರುವುದಿಲ್ಲ. ಕಲಿಯುವ ಉದ್ದೇಶವೂ ಇಲ್ಲ. ಸಮುದ್ರದಲ್ಲಿ ಸೊಂಟದವರೆಗೆ ಇಳಿದು ನಿಲ್ಲುತ್ತೇನೆ. ಅಷ್ಟೇ.

5. ರಜೆ ಮಂಜೂರಾಗಿದೆ. ಈ ಸಲದ ತಪಾಸಣೆಯ ವರದಿಯಲ್ಲಿ ದೋಷವಿಲ್ಲ.

6. ಕುತ್ತಿಗೆಗೆ ಕಟ್ಟಿಕೊಳ್ಳಲು ಹೊಸ ಬಟ್ಟೆಗಳು ಬೇಕು. ತೆಳುವಾದ ಹತ್ತಿಯವು. ಇದುವರೆಗೆ ಹೊಲಿದು ಕಳಿಸಿದಂತೆ ಮೈಬಣ್ಣದವು ಬೇಡ. ನೀಲಿ, ಹಸಿರು, ಕೆಂಪು ಯಾವುದಾದರೂ ಸರಿ. ನಿನ್ನ ಅಂಗಡಿಯಲ್ಲಿ ರವಿಕೆ ಕತ್ತರಿಸಿ ಉಳಿದ ತುಂಡುಗಳೇ ಸಾಕು.

ಮೊಬೈಲಿನಲ್ಲಿ ತಿಳಿಸಬಹುದಿತ್ತು. ಆದರೆ ನಾನು ಏನು ಬರೆದರೂ ನೀನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೀಯೆ. ಆ ಚಿತ್ರದೊಡನೆ ವಾದ ಮಾಡುವುದು ನನಗೆ ಸಾಧ್ಯವಾಗಿಲ್ಲ. ಕಾಗದದ ಮೇಲಾದರೆ ನೀನು ಉತ್ತರ ಬರೆಯಲೇಬೇಕಾಗುತ್ತದೆ.

ಭಾವನವರಿಗೆ ನಮಸ್ಕಾರಗಳನ್ನು ತಿಳಿಸು.

ನಿನ್ನ ತಮ್ಮ

•

ಜನವರಿ 18

ಲೋ ಅಳತೆಗೋಲು,

ತಲೆ ನೆಟ್ಟಗಿದೆಯೇನೋ ನಿಂದು? ನಿನ್ನ ಕಾಗದ ಬಂದಾಗ ಒಬ್ಬಳು ಗಿರಾಕಿಗೆ ಅಳತೆ ತಗೋತಾ ಇದ್ದೆ. ಮೊದಲನೇ ನಂಬರು ಓದಿದ್ದೇ ಓದಿದ್ದು, ಟೇಪು ಅವಳ ಕುತ್ತಿಗೇಲೇ ಬಿಟ್ಟು ಒಳಗೆ ಹೋಗಿ ಕೂತುಬಿಟ್ಟೆ. ಪಾಪ, ಅವಳು ಹಾಗೇ ನಿಂತಿದ್ದಳು.

ನೀನು ಸಂಗತಿ ಬರೆದೆಯಲ್ಲ, ನಾನೂ ಒಂದು ಬರೀತೀನಿ. ಆಪರೇಷನ್ ಆಗಿ ನಮ್ಮ ಮನೇಲಿ ಇದ್ದಾಗ ನೀನು ಸ್ನಾನಕ್ಕೆ ಹೋಗಿದ್ದೆ. ಒಂದು ಚೊಂಬು ನೀರು. ಒಂದೇ ಒಂದು ಚೊಂಬು ಕಣೋ. ಅದು ಕುತ್ತಿಗೆ ತೂತಿಗೆ ಇಳಿದು ನೀನು ನೀಲಿಯಾಗಿ ಬಚ್ಚಲುಮನೆ ನೆಲದ ಮೇಲೆ ಬಿದ್ದಿದ್ದೆ. ನಿಮ್ಮ ಭಾವ ಎತ್ತಿಕೊಂಡು ಬೆನ್ನು ತಟ್ಟಿ ತಟ್ಟಿ ಉಸಿರು ತರಿಸಿದರು. ಅವತ್ತಿಂದ ನೀನು ಇಲ್ಲಿಗೆ ಬಂದಾಗೆಲ್ಲ ಬಚ್ಚಲುಮನೆ ಬಾಗಿಲು ತೆರೆದೇ ಇರುತ್ತೆ, ಹೊರಗೆ ಸ್ಟೂಲು ಹಾಕಿಕೊಂಡು ನಿಮ್ಮ ಭಾವ ಪೇಪರ್ ಓದ್ತಾ ಕೂತಿರ್ತಾರೆ. ಮರೆತುಹೋಯ್ತಾ? ಸಮುದ್ರದಲ್ಲಿ ಎಷ್ಟು ಚೊಂಬು ನೀರಿರುತ್ತೆ ಅಂತ ನಿನ್ನ ಲೆಕ್ಕದ ತಲೆಗೆ ಹೊಳೀಲಿಲ್ವಾ?

ಅಷ್ಟಕ್ಕೂ ಅಲ್ಲಿ ಹೋಗಿ ಮಾಡೋದೇನು? ಉಸಿರು ಮೂಗಿಗೇ ಹೋಗಲ್ಲ ಅಂದಮೇಲೆ ಸಮುದ್ರದ ವಾಸನೆ ಕೂಡ ಬರಲ್ಲ ನಿನಗೆ. ಬಿಸಿಲಲ್ಲಿ ನಿಂತು ಕಪ್ಪಗಾಗೋಕೆ ಅಷ್ಟು ದೂರ ಹೋಗಬೇಕಾ? ಬೇಸಿಗೇಲಿ ಬೆಟ್ಟದ ಕಡೆ ಹೋಗೋಣ, ವ್ಯಾನು ಮಾಡಿಸ್ತಾರಂತೆ ಇವರು. ನೀನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿರು. ನಾವೆಲ್ಲ ಇರ್ತೀವಿ.

ಬಣ್ಣದ ಬಟ್ಟೆ ಅಂತೆ! ಕಾಣಬಾರದು ಅಂತ ತಾನೇ ನಾನು ಮೈಬಣ್ಣದ್ದು ಹುಡುಕಿ ಹುಡುಕಿ ಹೊಲಿಯೋದು? ಈ ಹುಚ್ಚು ಬಿಡೋವರೆಗೂ ಒಂದು ಹೊಲಿಗೇನೂ ಹಾಕಲ್ಲ. ಇದು ಖಂಡಿತ.

ಅಕ್ಕ

•

ಜನವರಿ 27

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರದಲ್ಲಿ ಎತ್ತಿರುವ ಅಂಶಗಳಿಗೆ ಉತ್ತರ ಬರೆಯುತ್ತಿದ್ದೇನೆ. ವಾಸನೆಯ ವಿಷಯವನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಟಿಕೆಟ್ಟು ಕಾದಿರಿಸಲು ಸೋಮವಾರ ಹೋಗಿದ್ದೆ. ನನ್ನ ಮಾತಿನ ಯಂತ್ರವನ್ನು ಗಂಟಲಿಗೊತ್ತಿ ಊರು, ದಿನಾಂಕ ಎಲ್ಲವನ್ನೂ ಹೇಳಿದೆ. ಅದರಿಂದ ಹೊರಡುವ ಧ್ವನಿ ಹೇಗಿರುತ್ತದೆಂದು ನೀನು ಬಲ್ಲೆ. ಭಾವನವರು ಅದಕ್ಕೆ 'ದುಂಬಿ' ಎಂದು ಹೆಸರಿಟ್ಟಿರುವುದು ಸರಿಯಾಗಿಯೇ ಇದೆ. ಕಿಟಕಿಯ ಹಿಂದಿದ್ದ ಗುಮಾಸ್ತ ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿನಿಂದ ಹಿಂದೆ ನೋಡಿ, "ಇವರ ಜೊತೆ ಯಾರಿದೀರಾ?" ಎಂದು ಕೇಳಿದ. ಯಾರೂ ಇಲ್ಲವೆಂದು ಹೇಳಿದೆ. "ಇವರ ಕಡೆಯವರು ಯಾರಾದ್ರೂ ಬನ್ನಿ ಮುಂದೆ," ಎಂದು ಮತ್ತೆ ಕೂಗಿದ. ಆಗ ನನ್ನ ಹಿಂದೆ ನಿಂತಿದ್ದ ಹೆಂಗಸು, "ಅವರು ಸರಿಯಾಗೇ ಹೇಳ್ತಾ ಇದಾರಲ್ರೀ, ನಿಮಗೆ ಕಿವಿ ಕೇಳ್ಸಲ್ವಾ? ನಿಮ್ಮ ಕಡೆಯವರು ಯಾರಾದ್ರೂ ಇದ್ರೆ ಕರೀರಿ," ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಟಿಕೆಟ್ಟು ಸಿಕ್ಕಿತು. ಕಿಟಕಿಯ ಪಕ್ಕದ ಆಸನ.

ನಾನು ನಗುವಾಗ ಶಬ್ದ ಬರುವುದಿಲ್ಲವಾದ್ದರಿಂದ, ನಾನೂ ನಕ್ಕೆನೆಂಬುದು ಅಲ್ಲಿ ಯಾರಿಗೂ ತಿಳಿದಿರಲಾರದು.

ಇನ್ನು ದ್ವೀಪವೇ ಏಕೆಂಬ ಪ್ರಶ್ನೆ. ಆ ದ್ವೀಪದಲ್ಲಿ ನದಿಯಿಲ್ಲ. ಕುಡಿಯುವ ನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ತೊಟ್ಟಿಗಳು ಹೋಗುವುದು ನಮ್ಮ ಕಾರ್ಖಾನೆಯಿಂದ. ನನ್ನ ಕೆಲಸವೇನೆಂದು ನೀನು ಎಲ್ಲರಿಗೂ 'ಇಂಜಿನಿಯರು' ಎಂದು ಹೇಳಿ ಮುಗಿಸುತ್ತೀಯೆ. ನಾನು ಮಾಡುವುದು ಸೋರಿಕೆಯ ಪರೀಕ್ಷೆ. ತೊಟ್ಟಿಗೆ ನೀರು ತುಂಬಿಸಿ, ಪ್ರತಿಯೊಂದು ಬೆಸುಗೆಯನ್ನೂ ಒಣ ಕೈಯಿಂದ ಮುಟ್ಟಿ ನೋಡಿ, ತೇವವಿಲ್ಲದಿದ್ದರೆ ಕೊಳವೆಯ ಕೆಳಗಿನ ತಗಡಿನಲ್ಲಿ ನನ್ನ ಗುರುತನ್ನು ಸುತ್ತಿಗೆಯಿಂದ ಒತ್ತುತ್ತೇನೆ. ನೌಕರಿಗೆ ಸೇರಿದಂದಿನಿಂದ ಆ ದ್ವೀಪದ ಹೆಸರು ಬರೆದ ತೊಟ್ಟಿಗಳು ನನ್ನ ಮುಂದೆ ಲಾರಿ ಹತ್ತಿ ಹೋಗಿವೆ. ಅವು ಸೇರಿದ ಜಾಗವನ್ನು ನಾನು ನೋಡಿಲ್ಲ. ನೋಡಬೇಕು.

ದ್ವೀಪದ ಒಂದು ಪಕ್ಕಕ್ಕೆ ಹವಳದ ದಿಬ್ಬಗಳು ಅಡ್ಡವಿರುವುದರಿಂದ ಅಲೆಗಳು ಹೊರಗೇ ಒಡೆಯುತ್ತವೆ. ಒಳಗಿನ ನೀರು ತಟ್ಟೆಯಲ್ಲಿಟ್ಟಂತೆ ನಿಂತಿರುತ್ತದೆ. ಮಾತು ಕಲಿಸುವ ಮೇಡಂ ಅವರನ್ನು ಕೇಳಿದ್ದೇನೆ. "ಸೊಂಟದವರೆಗೆ ಆಗಬಹುದು, ಎದೆಯವರೆಗೆ ಬೇಡ, ದಡದಲ್ಲಿ ಒಬ್ಬರು ಕಣ್ಣಿಟ್ಟಿರಲಿ," ಎಂದಿದ್ದಾರೆ. ಕಳೆದ ಶನಿವಾರ ಕೆಲಸ ಮುಗಿದ ಮೇಲೆ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ನಿಂತು ಸೊಂಟದವರೆಗೆ ನೀರು ಬಿಡಿಸಿಕೊಂಡು ಅಭ್ಯಾಸ ಮಾಡಿದೆ. ಕ್ರೇನಿನವನು ಮೇಲಿನಿಂದ ಹಗ್ಗ ಹಿಡಿದಿದ್ದ. "ಸಾರ್, ಕೊನೆಗೆ ನಿಮ್ಮನ್ನೂ ಟೆಸ್ಟಿಂಗಿಗೆ ಹಾಕಿಬಿಟ್ರಾ?" ಎಂದ. ಸೋರಿಕೆ ಕಂಡುಬರಲಿಲ್ಲ.

ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರಲು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಮೂರು ವರ್ಷಗಳಿಂದ ಅದನ್ನೇ ಮಾಡಿದ್ದೇನೆ.

ನೀನು ಬಟ್ಟೆ ಹೊಲಿದು ಕೊಡದಿದ್ದರೆ ನನ್ನ ಹಳೆಯ ಅಂಗಿಗಳ ತೋಳು ಕತ್ತರಿಸಿ ನಾನೇ ಹೊಲಿದುಕೊಳ್ಳುತ್ತೇನೆ. ಒಂದನ್ನು ಹೊಲಿದು ನೋಡಿದ್ದೇನೆ. ಚೆನ್ನಾಗಿಲ್ಲ. ಆದರೂ ಕಟ್ಟಿಕೊಂಡೇ ಕೆಲಸಕ್ಕೆ ಹೋದೆ.

ನಿನ್ನ ತಮ್ಮ

•

ಫೆಬ್ರವರಿ 3

ತಮ್ಮಾ,

ಆಯ್ತಪ್ಪ. ಹೋಗು. ನೀನು ಹಟ ಹಿಡಿದರೆ ಬಿಡೋವನಲ್ಲ, ನನಗೂ ಬಾಯಿ ಬಡಿದುಕೊಂಡು ಸಾಕಾಗಿದೆ.

ಅಲ್ಲಿ ಎಲ್ಲಿ ಉಳಕೋತೀಯ ಅಂತ ಬರೀಲೇ ಇಲ್ಲ. ವಿಳಾಸ ಕಳಿಸು. ಮನೆಯವರಿಗೆ ಅಷ್ಟಾದರೂ ಗೊತ್ತಿರಬೇಕಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

•

ಫೆಬ್ರವರಿ 8

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರದಿಂದ ನನಗೆ ಸಂತೋಷವಾಯಿತು. ಇಷ್ಟು ಬೇಗ ಒಪ್ಪುವೆಯೆಂದು ನಾನು ಎಣಿಸಿರಲಿಲ್ಲ. ನಿನ್ನ ವಿಷಯದಲ್ಲಿ ನನ್ನ ಅಂದಾಜು ತಪ್ಪಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ವಸತಿಗೃಹದ ವಿಳಾಸವನ್ನು ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ನಾಲ್ಕೇ ಕೋಣೆಗಳ ಮನೆ. ಒಡತಿಯೊಬ್ಬರೇ ನಡೆಸುತ್ತಾರೆ. ಅಂಗಳ ದಾಟಿದರೆ ಮರಳು, ಮರಳು ದಾಟಿದರೆ ನೀರು ಎಂದು ಬರೆದಿದ್ದಾರೆ.

ನೆಲದ ಮೇಲೆ ಹಾಸಲು ಚಾಪೆ, ಅಗಲ ಅಂಚಿನ ಟೋಪಿ, ಮಾತಿನ ಯಂತ್ರಕ್ಕೆ ಹೆಚ್ಚುವರಿ ಬ್ಯಾಟರಿಗಳನ್ನು ಕೊಂಡೆ. ಟೋಪಿ ಹಾಕಿಕೊಂಡು ಕನ್ನಡಿಯಲ್ಲಿ ನೋಡಿದೆ. ಭಾವನವರು ನೋಡಿದರೆ ಒಂದು ತಿಂಗಳು ನಗುತ್ತಾರೆ.

ನಿನ್ನ ತಮ್ಮ

•

ಫೆಬ್ರವರಿ 22

ಅಕ್ಕನವರಿಗೆ,

ವಸತಿಗೃಹದ ಒಡತಿಯಿಂದ ಇಂದು ಬಂದ ಪತ್ರದ ಸಾಲುಗಳನ್ನು ಹಾಗೆಯೇ ಬರೆಯುತ್ತಿದ್ದೇನೆ:

"ನಿಮ್ಮ ಅಕ್ಕನವರು ಕಾಗದ ಬರೆದಿದ್ದಾರೆ. ನೀವು ರೋಗಿಯೆಂದೂ, ನಿಮ್ಮನ್ನು ಒಬ್ಬರನ್ನೇ ಬಿಡುವಂತಿಲ್ಲವೆಂದೂ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ನನ್ನದೇ ಎಂದೂ ತಿಳಿಸಿದ್ದಾರೆ. ನಮ್ಮದು ಸಣ್ಣ ಮನೆ. ಕ್ಷಮಿಸಿ, ಕೋಣೆ ಕೊಡಲಾರೆ."

ಕಾರ್ಖಾನೆಯಲ್ಲಿ ನಾನು ತಿರಸ್ಕರಿಸಿದ ತೊಟ್ಟಿಗೂ ಕಾರಣವನ್ನು ಅದರ ಎದುರಿಗೇ ಹೇಳಿ ಕೆಂಪು ಬಣ್ಣ ಬಳಿಯುತ್ತೇನೆ. ನೀನು ನನಗೆ 'ಹೋಗು' ಎಂದು ಬರೆದು, ನನ್ನ ಬೆನ್ನ ಹಿಂದೆ ಬಳಿದೆ.

ನಾನು ರೋಗಿಯಲ್ಲ. ನನಗೆ ರೋಗವಿತ್ತು, ತೆಗೆದರು. ಉಳಿದಿರುವುದು ಬೇರೆ ಜಾಗದಿಂದ ಉಸಿರಾಡುವ ಮನುಷ್ಯ. ಕೋಣೆ ಸಿಗದಿದ್ದರೆ ಮರಳಿನ ಮೇಲೆ ಚಾಪೆ ಹಾಸಿಕೊಳ್ಳುತ್ತೇನೆ. ಚಾಪೆ ಇದೆ.

ತಮ್ಮ

•

ಫೆಬ್ರವರಿ 28

ಹೌದು ಕಣೋ, ನಾನೇ ಬರೆದೆ. ಕದ್ದುಮುಚ್ಚಿ ಬರೆದೆ. ಬೇಕಾದರೆ ಇನ್ನೂ ನಾಲ್ಕು ಮನೆಗೆ ಬರೀತೀನಿ, ಆ ದ್ವೀಪದಲ್ಲಿ ಎಷ್ಟು ಮನೆ ಇದೆಯೋ ಅಷ್ಟಕ್ಕೂ ಬರೀತೀನಿ. 'ಅಕ್ಕನವರಿಗೆ' ಅಂತೆ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು, ನನಗೇ ಬಹುವಚನ ಹಾಕ್ತೀಯಾ?

ಒಂದು ಮಾತು ನಿನಗೆ ಹೇಳಿರಲಿಲ್ಲ. ನೀನು ಬಚ್ಚಲುಮನೇಲಿ ಬಿದ್ದ ದಿನ ನಾನು ಎಲ್ಲೋ ದೂರ ಇರಲಿಲ್ಲ. ಗೋಡೆ ಆಚೆ ಮಷಿನ್ ಮೇಲೆ ಕೂತಿದ್ದೆ. ಒಂದು ಲಂಗದ ಅಂಚು ಪೂರ್ತಿ ಹೊಲಿದು ಮುಗಿಸಿದೆ. ಹಾಡು ಬೇರೆ ಗುನುಗ್ತಾ ಇದ್ದೆ. ಅಷ್ಟು ಹೊತ್ತೂ ನೀನು ಒಳಗೆ ಒದ್ದಾಡ್ತಾ ಇದ್ದೆ, ನನಗೆ ಒಂದು ಶಬ್ದ ಕೇಳಲಿಲ್ಲ. ಇವರು ಟವೆಲ್ ಹುಡುಕಿಕೊಂಡು ಆ ಕಡೆ ಹೋಗದೇ ಇದ್ದಿದ್ದರೆ?

ನಿನಗೆ ಕೂಗೋಕಾಗಲ್ಲ ಕಣೋ. ಅದು ನನ್ನ ಭಯ, ನೀರಲ್ಲ. ಒಂದು ಗೋಡೆ ಆಚೆ ಇದ್ದ ನನಗೇ ಕೇಳಿಸಲಿಲ್ಲ, ಅಷ್ಟು ದೊಡ್ಡ ಸಮುದ್ರದಲ್ಲಿ ಯಾರಿಗೆ ಕೇಳುತ್ತೆ ಹೇಳು? ಹೇಳು ನೋಡೋಣ, ನಂಬರ್ ಹಾಕಿ ಹೇಳು.

ಅಕ್ಕ

•

ಮಾರ್ಚ್ 7

ಅಕ್ಕನಿಗೆ,

ನಿನ್ನ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಅದು ಸರಿಯಾದ ಪ್ರಶ್ನೆ. ಸೀಟಿ ಊದಿ ಕರೆಯಬಹುದೆಂದು ಯಾರಾದರೂ ಹೇಳಿಯಾರು. ನನ್ನ ಬಾಯಿಂದ ಗಾಳಿ ಬರುವುದಿಲ್ಲವಾದ್ದರಿಂದ ಸೀಟಿಯೂ ನನಗೆ ಉಪಯೋಗವಿಲ್ಲ. ಯೋಚಿಸುತ್ತಿದ್ದೇನೆ.

ಆದರೆ ಅದನ್ನು ಮೊದಲೇ ನನ್ನನ್ನು ಕೇಳಬಹುದಿತ್ತು. ಆ ದಿನದ ಬಗ್ಗೆ ನಾನೂ ನಿನಗೆ ಏನನ್ನೂ ಹೇಳಿಲ್ಲವೆಂಬುದು ನಿಜ. ಈಗ ಹೇಳುತ್ತೇನೆ: ನೆಲದ ಮೇಲೆ ಬಿದ್ದಿದ್ದಾಗ ನನಗೆ ನಿನ್ನ ಮಷಿನ್ನಿನ ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿ ಜನರಿದ್ದಾರೆಂದು ಧೈರ್ಯವಾಯಿತು. ನಿನ್ನ ಮೇಲೆ ಬೇರೆ ಯಾವ ಭಾವನೆಯೂ ಬರಲಿಲ್ಲ.

ಕೋಣೆಯ ವಿಷಯ. ಒಡತಿಯವರಿಗೆ ನಾನು ಮತ್ತೆ ಬರೆದೆ. ನನ್ನ ಸ್ಥಿತಿಯನ್ನು ಮುಚ್ಚಿಡದೆ ವಿವರಿಸಿ, ಡಾಕ್ಟರರ ಪತ್ರದ ಪ್ರತಿಯನ್ನು ಜೊತೆಗಿಟ್ಟು, ಕೊನೆಯಲ್ಲಿ, ನಿಮ್ಮ ಮಾಳಿಗೆಯ ಮೇಲಿನ ನೀರಿನ ತೊಟ್ಟಿ ನಮ್ಮ ಕಾರ್ಖಾನೆಯದಾಗಿದ್ದರೆ ಕೊಳವೆಯ ಕೆಳಗಿನ ತಗಡನ್ನು ಒರೆಸಿ ನೋಡಿ, ಅಲ್ಲಿ ತ್ರಿಕೋನದೊಳಗೆ ಒಂದು ಚುಕ್ಕೆಯಿದ್ದರೆ ಅದು ನನ್ನ ಕೈಗುರುತು, ಎಂದು ತಿಳಿಸಿದೆ. ಅವರ ಉತ್ತರ ನಿನ್ನೆ ಬಂತು:

"ಏಣಿ ಹತ್ತಿ ನೋಡಿದೆ. ತ್ರಿಕೋನ ಇದೆ, ಚುಕ್ಕೆಯೂ ಇದೆ. ಹದಿನಾಲ್ಕು ವರ್ಷದಿಂದ ಆ ತೊಟ್ಟಿ ಒಂದು ಹನಿ ಸೋರಿಲ್ಲ. ನಿಮ್ಮ ಅಕ್ಕನವರಿಗೆ ನಾನು ಹೆದರಿದ್ದು ನಿಜ, ಅವರ ಅಕ್ಷರವೇ ಹಾಗಿದೆ. ಬನ್ನಿ. ನೀವು ನೀರಿಗಿಳಿದಾಗ ನಾನು ಅಂಗಳದಲ್ಲಿ ಮೀನು ಹೆಚ್ಚುತ್ತಾ ಕೂತಿರುತ್ತೇನೆ. ಅದು ನನ್ನ ದಿನದ ಕೆಲಸ, ನಿಮಗಾಗಿ ಅಲ್ಲ."

ಆ ಕೊನೆಯ ವಾಕ್ಯವನ್ನು ನಾನು ಹಲವು ಸಲ ಓದಿದೆ.

ನಿನ್ನ ತಮ್ಮ

•

ಮಾರ್ಚ್ 12

ತಮ್ಮಾ,

ಆ ಮೀನಿನ ಹೆಂಗಸು ಗಟ್ಟಿಗಿತ್ತಿ ಇರಬೇಕು. ನನ್ನ ಅಕ್ಷರಕ್ಕೇನಾಗಿದೆಯಂತೆ?

ಮಷಿನ್ ಸದ್ದಿನ ಮಾತು ಓದಿ ಅಂಗಡಿ ಬಾಗಿಲು ಅರ್ಧ ಎಳೆದೆ. ಆಮೇಲೆ ಕತ್ತರಿ ತಗೊಂಡೆ. ನೀನು ಹೋಗೋದಂತೂ ಹೋಗ್ತೀಯ. ಸರಿ, ನಾನು ಹೊಲಿದೇ ಕಳಿಸ್ತೀನಿ ಅಂತ.

ಪಾರ್ಸೆಲ್ ಬಿಚ್ಚಿ ನೋಡು. ಹತ್ತಿ ಅಲ್ಲ. ಹತ್ತಿ ನೀರು ಕುಡಿಯುತ್ತೆ. ಇದು ರೇನ್‌ಕೋಟ್ ಬಟ್ಟೆ, ಒಳ್ಳೇ ನೀಲಿ ಬಣ್ಣ, ನೀನು ಕೇಳಿದ್ದೇ. ಸುತ್ತ ಎರಡೆರಡು ಹೊಲಿಗೆ ಹಾಕಿ, ಹೊಲಿಗೆ ಮೇಲೆ ಮೇಣ ತಿಕ್ಕಿದೀನಿ. ಕುತ್ತಿಗೆಗೆ ಬಿಗಿಯಾಗಿ ಕೂರೋ ಹಾಗೆ ಒಳಗೆ ಎಲಾಸ್ಟಿಕ್ ಇದೆ. ನಲ್ಲಿ ಕೆಳಗೆ ಹಿಡಿದು ನೋಡಿದೆ, ಒಂದು ಹನಿ ಒಳಗೆ ಹೋಗಲ್ಲ. ನಾನೂ ಟೆಸ್ಟ್ ಮಾಡದೆ ಕಳಿಸೋವಳಲ್ಲ! ನಿಮ್ಮ ಭಾವನ ಕುತ್ತಿಗೆಗೆ ಕಟ್ಟಿ ಒಂದು ಬೆಳಿಗ್ಗೆ ಪೂರ್ತಿ ಬಿಟ್ಟಿದ್ದೆ. ತಿಂಡಿ ತಿಂದರು, ಪೇಪರ್ ಓದಿದರು, ಒಂದು ನಿದ್ದೆನೂ ತೆಗೆದರು. "ಏನೂ ತೊಂದರೆ ಇಲ್ಲ ಕಣೇ, ಆರಾಮಾಗಿದೆ" ಅಂದರು.

ಇನ್ನೊಂದು ವಿಷಯ. ನಾನೂ ಬರ್ತಾ ಇದೀನಿ. ಅಂಗಡಿಗೆ ಒಂದು ವಾರ ರಜೆ ಹಾಕ್ತೀನಿ. ನೀರಿಗೆ ಇಳಿಯಲ್ಲ, ದಡದಲ್ಲಿ ನಿಂತಿರ್ತೀನಿ ಅಷ್ಟೇ. ನಿನ್ನ ಕಡೆಯವರು ಅಂತ ಒಬ್ಬರು ಬೇಡವಾ? ಬೇಡ ಅನ್ನಬೇಡ.

ಅಕ್ಕ

•

ಮಾರ್ಚ್ 17

ಅಕ್ಕನಿಗೆ ನಮಸ್ಕಾರಗಳು.

ಪಾರ್ಸೆಲ್ ತಲುಪಿತು. ನೀನು ಕಳಿಸಿದ್ದನ್ನು ಕಾರ್ಖಾನೆಗೆ ಒಯ್ದು, ತೊಟ್ಟಿಯ ಬೆಸುಗೆಗಳನ್ನು ಪರೀಕ್ಷಿಸುವಂತೆಯೇ ಪರೀಕ್ಷಿಸಿದೆ. ನೀರಿನ ಒತ್ತಡಕ್ಕೆ ಹಿಡಿದಾಗ ಎಲ್ಲಿಯೂ ತೇವ ಕಾಣಲಿಲ್ಲ. ಇಷ್ಟು ನಿಖರವಾದ ಅಂಚನ್ನು ನಮ್ಮ ಬೆಸುಗೆಗಾರರು ಮಾಡಿದ್ದು ನಾನು ಕಂಡಿಲ್ಲ.

ಬಳಿಕ ಕುತ್ತಿಗೆಗೆ ಕಟ್ಟಿಕೊಂಡೆ. ಎರಡನೆಯ ಉಸಿರಿಗೆ ಬಟ್ಟೆ ಒಳಗೆ ಎಳೆದುಕೊಂಡು ರಂಧ್ರಕ್ಕೆ ಅಂಟಿತು. ಮೂರನೆಯ ಉಸಿರು ಬರಲಿಲ್ಲ. ಕಿತ್ತು ತೆಗೆದೆ.

ಅಕ್ಕ, ಭಾವನವರು ಉಸಿರಾಡುವುದು ಮೂಗಿನಿಂದ. ಅವರ ಕುತ್ತಿಗೆಗೆ ಗೋಣಿಚೀಲ ಕಟ್ಟಿದರೂ ಅವರು ತಿಂಡಿ ತಿಂದು ನಿದ್ದೆ ಮಾಡುತ್ತಾರೆ. ನನ್ನ ಮೂಗು ಇರುವುದು ಆ ಬಟ್ಟೆಯ ಕೆಳಗೆ. ನೀರು ಬರದಂತೆ ನೀನು ಮುಚ್ಚಿದ ಜಾಗದಿಂದಲೇ ನನಗೆ ಗಾಳಿ ಬರಬೇಕು.

ಇದನ್ನು ಓದಿ ನೀನು ಅಳಬೇಡ. ನನಗೆ ಏನೂ ಆಗಿಲ್ಲ. ಕೋಪವೂ ಬಂದಿಲ್ಲ. ಕ್ರೇನಿನವನಿಗೆ ಹೇಳಿದೆ, ಅವನು ಎಷ್ಟು ನಕ್ಕನೆಂದರೆ ಕ್ರೇನಿನಿಂದ ಇಳಿದು ಕೂರಬೇಕಾಯಿತು. ನಾನೂ ಅವನ ಪಕ್ಕದಲ್ಲಿ ಕುಳಿತೆ.

ಆ ರಾತ್ರಿ ನಿನ್ನ ಹೊಲಿಗೆಯ ಕೆಳಗಿನ ಅಂಚನ್ನು ಬ್ಲೇಡಿನಿಂದ ಬಿಚ್ಚಿದೆ. ಎಲಾಸ್ಟಿಕ್ಕನ್ನೂ ತೆಗೆದೆ. ಮೇಲಿನ ಅಂಚನ್ನು ಮುಟ್ಟಲಿಲ್ಲ. ಒಳಮಗ್ಗುಲಿಗೆ ಸಣ್ಣ ತಂತಿಯ ಕಮಾನು ಸೇರಿಸಿದ್ದರಿಂದ ಬಟ್ಟೆ ಈಗ ರಂಧ್ರಕ್ಕೆ ತಾಗದೆ ಬಾಗಿಲ ಮೇಲಿನ ಸೂರಿನಂತೆ ನಿಲ್ಲುತ್ತದೆ. ಮೇಲಿನಿಂದ ಸಿಡಿದ ನೀರು ಜಾರಿಹೋಗುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ. ಮೇಡಂ ಅವರಿಗೆ ತೋರಿಸಿದೆ. "ಮುಳುಗೋದಕ್ಕಲ್ಲ, ಸಿಡಿಯೋ ಹನಿಗೆ ಮಾತ್ರ," ಎಂದು ಎಚ್ಚರಿಸಿ, ಯಾರು ಹೊಲಿದದ್ದೆಂದು ಕೇಳಿದರು. ಅಕ್ಕ ಎಂದೆ.

ಇನ್ನೊಂದು ಸಂಗತಿ. ಇದನ್ನು ಜನವರಿಯಿಂದ ನಿನಗೆ ಬರೆದಿರಲಿಲ್ಲ. ಬಾಯಿ ಮುಚ್ಚಿಕೊಂಡೇ ದವಡೆಯನ್ನು ಕೆಳಗಿಳಿಸಿ, ಆಕಳಿಕೆಯನ್ನು ತಡೆದವರಂತೆ ಮಾಡಿದರೆ ಸ್ವಲ್ಪ ಗಾಳಿ ಮೂಗಿನೊಳಗೆ ಹೋಗುತ್ತದೆ. ಅಭ್ಯಾಸವಾದರೆ ವಾಸನೆ ಮರಳಬಹುದೆಂದು ಮೇಡಂ ಕಲಿಸಿದ್ದರು. ದಿನವೂ ಸೋಪಿನ ಮೇಲೆ, ನಿಂಬೆಹಣ್ಣಿನ ಮೇಲೆ ಅಭ್ಯಾಸ ಮಾಡಿದೆ. ಏನೂ ಬರಲಿಲ್ಲ. ಪಾರ್ಸೆಲ್ ಬಿಚ್ಚಿದ ದಿನ ಬಂತು. ನಿನ್ನ ಮಷಿನ್ನಿಗೆ ಹಾಕುವ ಎಣ್ಣೆಯ ವಾಸನೆ. ಸಮುದ್ರಕ್ಕೂ ವಾಸನೆಯಿದೆಯೆಂದು ನೀನೇ ಬರೆದಿದ್ದೆ.

ಪಾರ್ಸೆಲ್ಲಿನ ತಳದಲ್ಲಿ ಹಳೆಯ ಅಂಗಿಯಲ್ಲಿ ಸುತ್ತಿದ ಇನ್ನೊಂದು ವಸ್ತುವಿತ್ತು. ಅದು ನಿನಗೆ ಗೊತ್ತಿರಲಾರದು. ಭಾವನವರು ಮೊದಲು ಓಡಿಸುತ್ತಿದ್ದ ಬಸ್ಸಿನ ರಬ್ಬರ್ ಹಾರ್ನು. ಕೈಯಿಂದ ಹಿಸುಕಿದರೆ ಕೂಗುವಂಥದ್ದು. ಚೀಟಿಯಲ್ಲಿ "ಕೂಗೋಕೆ" ಎಂದು ಬರೆದಿದ್ದರು. ಉಸಿರು ಬೇಕಿಲ್ಲ. ಮಾಳಿಗೆಯ ಮೇಲೆ ನಿಂತು ಒಮ್ಮೆ ಹಿಸುಕಿದೆ. ಬೀದಿಯ ಕೊನೆಯಲ್ಲಿ ಹೋಗುತ್ತಿದ್ದ ಸೈಕಲ್ಲು ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು. ಮೂರು ವರ್ಷಗಳ ನಂತರ ನನ್ನ ಕಡೆಯಿಂದ ಹೊರಟ ದೊಡ್ಡ ಶಬ್ದ ಅದು. ಇನ್ನೊಮ್ಮೆ ಹಿಸುಕಿದೆ. ಅಗತ್ಯವಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಅದು. ದಾರದಲ್ಲಿ ಕಟ್ಟಿ ಭುಜಕ್ಕೆ ತೂಗುಹಾಕಿಕೊಳ್ಳುತ್ತೇನೆ. ಅಂಗಳದಲ್ಲಿ ಮೀನು ಹೆಚ್ಚುವವರಿಗೆ ಕೇಳಿಸುತ್ತದೆ.

ನೀನು ಬರುವ ವಿಷಯ. ನೀನು ದಡದಲ್ಲಿ ನಿಂತರೆ ನಾನು ಸಮುದ್ರಕ್ಕೆ ಬೆನ್ನು ಹಾಕಿ ನಿನ್ನನ್ನೇ ನೋಡುತ್ತಾ ನಿಲ್ಲುತ್ತೇನೆ. ಹಾಗೆ ನಿಲ್ಲಲು ನನಗೆ ಇಷ್ಟವಿಲ್ಲ. ಆದ್ದರಿಂದ ಬೇಡ ಎನ್ನುತ್ತಿದ್ದೇನೆ.

ಇಪ್ಪತ್ತೈದರಂದು ಒಬ್ಬನೇ ಹೊರಡುತ್ತೇನೆ. ನೀನು ಹೊಲಿದ ನೀಲಿ ಬಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ಸೊಂಟದವರೆಗೆ ಇಳಿಯುತ್ತೇನೆ. ಮರಳುವಾಗ ನಿನ್ನ ಮನೆಗೆ ಬಂದು ಎರಡು ದಿನ ಇರುತ್ತೇನೆ. ಸ್ನಾನಕ್ಕೆ ಹೋದಾಗ ಬಚ್ಚಲುಮನೆಯ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತೇನೆ. ಹಾರ್ನು ನನ್ನ ಬಳಿ ಇರುತ್ತದೆ. ಹೊರಗೆ ಸ್ಟೂಲು ಹಾಕುವುದು ಬೇಡ.

ನಿನ್ನ ತಮ್ಮ